ಶುಕ್ರವಾರದ ಗಿಟಾರ್‌ಗೆ ಅಮ್ಮನ ಉತ್ತರ

"ದಾನಮ್ಮ ಅಂದ್ರೆ ನೀವೇನಾ?"

ಮಹಡಿಯ ಮೆಟ್ಟಿಲಿಳಿಯುತ್ತಿದ್ದ ದಾನಮ್ಮನ ಕೈಯಿಂದ ಬಟ್ಟೆಯ ಬಕೆಟ್ ಜಾರಿ ದಡಬಡ ಉರುಳಿತು. ಗೇಟಿನ ಬಳಿ ನಿಂತಿದ್ದವನ ಹೆಗಲಲ್ಲಿ ಕಪ್ಪು ಚೀಲದ ಗಿಟಾರ್!

ಶಶಿಕಾಂತ್! ಅಯ್ಯೋ ಶಿವನೇ... ಇವರು ಬರಬೇಕಾಗಿದ್ದದ್ದು ಗುರುವಾರ. ಇವತ್ತಿನ್ನೂ ಭಾನುವಾರ!

"ಹೌದ್ರಿ... ನಾನ."

"ನಾನು ಶಶಿಕಾಂತ್. ರಜ ಬೇಗ ಸಿಕ್ತು. ಅಮ್ಮಂಗೆ ಸರ್‌ಪ್ರೈಸ್ ಕೊಡೋಣ ಅಂತ ಹೇಳ್ಲಿಲ್ಲ. ಆದ್ರೆ ಬೆಲ್ ಒತ್ತಿ ಒತ್ತಿ ಸಾಕಾಯ್ತು, ಯಾರೂ ಬಾಗಿಲೇ ತೆಗೀತಿಲ್ವಲ್ಲ?"

ಹೇಗೆ ತೆಗೆದಾರು? ಬೆಲ್ಲು ಕೇಳಿಸಿದರೆ ತಾನೇ!

"ಅಮ್ಮ ಹಿತ್ತಲದಾಗ ಅದಾರ್ರಿ... ನೀವು ಇಲ್ಲೇ ನಿಂದರ್ರಿ, ನಾ ಕರೀತೀನಿ!"

ಅವಳು ಓಡಿದಳು. ಹಿತ್ತಲಲ್ಲಿ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದ ಶಾಂತಾದೇವಿಯ ಮುಂದೆ ಸ್ಲೇಟು ಹಿಡಿದು 'ಶಶಿಕಾಂತ್ ಬಂದಾರ' ಎಂದು ಗಡಿಬಿಡಿಯಲ್ಲಿ ಗೀಚಿದಳು.

"ಸ್ಲೇಟು ಬಚ್ಚಿಡೇ!" ಎಂದು ಕಿರುಚಿದರು ಶಾಂತಾದೇವಿ. ತಾವು ಕಿರುಚುತ್ತಿದ್ದೇವೆಂದು ಪಾಪ, ಅವರಿಗೇ ತಿಳಿಯುತ್ತಿರಲಿಲ್ಲ.

"ಯಾವ ಸ್ಲೇಟಮ್ಮಾ?" ಹೊರಗಿನಿಂದ ನಗುವ ದನಿ ಬಂತು.

ದಾನಮ್ಮ ಸ್ಲೇಟನ್ನು ಸೆರಗಿನಡಿ ಸೇರಿಸಿದಳು. ಇವತ್ತು ಸಿಕ್ಕಿಬೀಳುವುದು ಖಂಡಿತ...

ಈ ಹೆದರಿಕೆ ಹುಟ್ಟಿದ್ದು ಒಂಬತ್ತು ತಿಂಗಳ ಹಿಂದೆ, ೨೦೦೪ರ ಶ್ರಾವಣದಲ್ಲಿ. ಶಾಂತಾದೇವಿಗೆ ಬಂದ ಜ್ವರ ಹೋಗುವಾಗ ಎರಡೂ ಕಿವಿಗಳನ್ನು ಕೊಂಡೊಯ್ದಿತ್ತು. ಮೆಷೀನ್ ಹಾಕಿದರೂ ಬರೀ ಗೊರಗೊರ.

ಮಗ ಮಸ್ಕತ್‌ನಲ್ಲಿ, ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿದ್ದ. ಶುಕ್ರವಾರ ರಜೆ. ಅಂದು ರೂಮಿನಲ್ಲಿ ಕೂತು ಗಿಟಾರ್ ನುಡಿಸಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಅಮ್ಮನಿಗೆ ಮೇಲ್ ಕಳಿಸುತ್ತಿದ್ದ. ಅದೇ ಹಾಡು ಇಂಟರ್‌ನೆಟ್ ಗೆಳೆಯರಿಗೂ ಹೋಗುತ್ತಿತ್ತು. ಒಬ್ಬ ಕೊಯಮತ್ತೂರಿನವನು, ಇನ್ನೊಬ್ಬ ನೈರೋಬಿಯವನು. ಎಲ್ಲರೂ ಇವನಂತೆ ಹವ್ಯಾಸಕ್ಕೆ ತಂತಿ ಮೀಟುವವರು.

ಬಿಟಿಎಂ ಲೇಔಟಿನ ಆ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಮಹಡಿಯ ಒಂಟಿ ರೂಮಿನಲ್ಲಿ ಬಾಡಿಗೆಗಿದ್ದ, ಬಾಗಲಕೋಟೆ ಕಡೆಯ ದಾನಮ್ಮ ಕೊರಿಯರ್ ಆಫೀಸಿನಿಂದ ಬರುವಾಗ ಪ್ರತಿ ಶನಿವಾರ ಬ್ರೌಸಿಂಗ್ ಸೆಂಟರಿಗೆ ಹೋಗಿ ಹಾಡನ್ನು ಸಿಡಿಗೆ ಹಾಕಿಸಿ ತರುತ್ತಿದ್ದಳು. "ಚೆನ್ನಾಗಿದೆ ಕಂದ, ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದು ಅಮ್ಮ ಹೇಳಿದ ಒಂದು ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದಳು.

ಕಿವಿ ಹೋದ ಮೇಲೆ ಶಾಂತಾದೇವಿ ಅವಳಿಗೆ ವಿಭೂತಿ ಮುಟ್ಟಿಸಿ ಆಣೆ ಹಾಕಿಸಿಕೊಂಡರು.

"ಅವ್ನಿಗೆ ಹೇಳ್ಬೇಡ ಕಣೆ. ನಂಗೆ ಕೇಳ್ಸಲ್ಲ ಅಂತ ಗೊತ್ತಾದ್ರೆ ಗಿಟಾರ್ ಮುಟ್ಟೋದೇ ಬಿಟ್ಬಿಡ್ತಾನೆ. ಆ ಮರಳುಗಾಡಲ್ಲಿ ಅವ್ನಿಗಿರೋದು ಅದೊಂದೇ!"

ಬಟ್ಟೆ ಅಂಗಡಿ ನಡೆಸುತ್ತಿದ್ದ ಗಂಡ ಗುರುಶಾಂತಪ್ಪನವರೂ ಹೂಂ ಅಂದರು. ಮಗ ಫೋನ್ ಮಾಡಿದರೆ ಶಾಂತಾದೇವಿ ರಿಸೀವರ್ ಕಿತ್ತುಕೊಂಡು, "ಹುಷಾರಾಗಿದೀಯಾ, ಊಟ ಆಯ್ತಾ, ಬಿಲ್ ಏರತ್ತೆ ಇಡಪ್ಪಾ" ಎಂದು ಒಂದೇ ಉಸಿರಿಗೆ ಹೇಳಿ ಕುಕ್ಕಿಬಿಡುವರು!

ಇನ್ನು ಹಾಡು ಕೇಳಿ ಉತ್ತರ ಬರೆಯುವ ಪಾಲು ದಾನಮ್ಮನದು. ಏಕತಾರಿ ಹಿಡಿದು ತತ್ವಪದ ಹಾಡುವ ಅಪ್ಪನ ಮಗಳು ಅವಳು. ತಂತಿ ಕೂದಲೆಳೆಯಷ್ಟು ಇಳಿದರೂ ಗೊತ್ತಾಗುತ್ತಿತ್ತು. ಸುಮ್ಮನಿರಲಾರದೆ ಬರೆದಳು... 'ಎರಡನೇ ತಂತಿ ಇಳಿದಿದೆ. ನಡುವೆ ಅಷ್ಟು ಅವಸರ ಯಾಕೆ ಕಂದ?'

ಅವನು ಕುಣಿದಾಡಿಬಿಟ್ಟ! 'ನಮ್ಮಮ್ಮನ ಕಿವಿ ನೋಡಿ' ಎಂದು ಗೆಳೆಯರಿಗೆಲ್ಲ ಕಳಿಸಿದ. 'ಅಮ್ಮ ನಮ್ಮದನ್ನೂ ಕೇಳ್ತಾರಾ?' ಎಂದಿತು ನೈರೋಬಿ. ಒಂದು ಸುಳ್ಳು ಮುಚ್ಚಲು ಹತ್ತು ಸುಳ್ಳು ಬೇಕಾದವು. ಒಂದು ಸಾಲು ಹೋಗಿ ಪುಟವಾಯಿತು. ಬರಬರುತ್ತ ದಾನಮ್ಮ ಶನಿವಾರಕ್ಕಾಗಿಯೇ ಬದುಕತೊಡಗಿದಳು. 'ಕಂದ' ಎಂದು ಟೈಪ್ ಮಾಡುವಾಗ ಕೆನ್ನೆ ಬಿಸಿಯಾಗುತ್ತಿತ್ತು. ಪ್ರೀತಿಸುವವನನ್ನು ಕಂದ ಎಂದು ಕರೆಯುವ ಗತಿ ಶತ್ರುವಿಗೂ ಬೇಡ!

ಆ ಭಾನುವಾರ ಮಧ್ಯಾಹ್ನದ ಊಟವಾಗಿತ್ತು. ಶಾಂತಾದೇವಿ ಯಾರಿಗೂ ಬಾಯಿ ತೆರೆಯಲು ಬಿಡದೆ ಮಾತಾಡಿ ಮಾತಾಡಿ ಹೇಗೋ ಸಂಭಾಳಿಸಿದ್ದರು.

"ಅಮ್ಮಾ, ಆ ನಡುವಿನ ಭಾಗ ನೀನು ಹೇಳ್ದಂಗೇ ಸರಿ ಮಾಡಿದೀನಿ. ಕೇಳು!" ಶಶಿಕಾಂತ್ ಗಿಟಾರ್ ತೊಡೆಯ ಮೇಲಿಟ್ಟುಕೊಂಡ.

ಇದಕ್ಕೆಂದೇ ಒಂದು ಉಪಾಯ ಹೂಡಿಟ್ಟಿದ್ದರು. ದಾನಮ್ಮ ಅವನ ಬೆನ್ನ ಹಿಂದೆ ಅಡುಗೆಮನೆ ಬಾಗಿಲಲ್ಲಿ ನಿಲ್ಲಬೇಕು. ಅವಳ ಕೈ ಕೆನ್ನೆಯ ಮೇಲಿರುವಷ್ಟು ಹೊತ್ತು ಅಮ್ಮ ತಲೆದೂಗಬೇಕು. ಕೈ ಇಳಿಯಿತೋ, ಹಾಡು ಮುಗಿಯಿತು ಅಂತ.

ಅವನು ಮೀಟಿದ. ಅವಳು ಕೆನ್ನೆಗೆ ಕೈ ಇಟ್ಟಳು.

ಸಿಡಿಯಲ್ಲಿ ಕೇಳಿದ್ದೇ ಬೇರೆ, ಇದೇ ಬೇರೆ! ನಾಲ್ಕು ಹೆಜ್ಜೆ ಆಚೆ ಅವನ ಬೆರಳು ತಂತಿಗೆ ತಾಗುವ ಸದ್ದೂ ಕೇಳುತ್ತಿತ್ತು. ತಾನು ಬರೆದದ್ದನ್ನೆಲ್ಲ ಅವನು ತಿದ್ದಿಕೊಂಡಿದ್ದ... ಒಂದೂ ಬಿಡದೆ. ದಾನಮ್ಮನ ಕಣ್ಣುಗಳು ತುಂಬಿ ತಾವಾಗಿ ಮುಚ್ಚಿದವು.

ಹಾಡು ನಡುವೆಯೇ ನಿಂತಿತು. ತಂತಿ ಸಡಿಲವಾಗಿತ್ತೇನೋ, ಅವನು ಬಿರಡೆ ತಿರುಗಿಸಲು ಬಗ್ಗಿದ್ದ. ಅವಳಿಗೋ ತಲೆಯೊಳಗೆ ಹಾಡಿನ್ನೂ ನಡೆಯುತ್ತಿತ್ತು. ಕೈ ಕೆನ್ನೆಯ ಮೇಲೇ ಉಳಿಯಿತು.

"ಅಮ್ಮಾ?"

ಆ ದನಿಗೆ ದಾನಮ್ಮ ಕಣ್ಣು ತೆರೆದಳು. ಶಾಂತಾದೇವಿ ನಗುತ್ತ ತಲೆದೂಗುತ್ತಲೇ ಇದ್ದರು... ನಿಶ್ಶಬ್ದಕ್ಕೆ!

ಶಶಿಕಾಂತ್ ನಿಧಾನವಾಗಿ ಹಿಂದೆ ತಿರುಗಿದ. ಕೆನ್ನೆಯ ಮೇಲಿನ ಆ ಕೈ ನೋಡಿದ.

"ಅಮ್ಮಂಗೆ ಕಿವಿ... ಯಾವಾಗಿಂದ?"

"ಶ್ರಾವಣದಿಂದ್ರಿ..."

"ಹಂಗಾದ್ರೆ ಆ ಮೇಲ್‌ಗಳು?"

ದಾನಮ್ಮ ಕೈ ಕೆಳಗಿಳಿಸಿದಳು. "ನಾನ ಬರದೀನ್ರಿ."

"ಬೈಬೇಡ ಕಣೋ, ಆಣೆ ಹಾಕ್ಸಿದ್ದು ನಾನು!" ಮುಖಗಳನ್ನು ನೋಡಿಯೇ ಶಾಂತಾದೇವಿ ಎಲ್ಲ ಅರ್ಥಮಾಡಿಕೊಂಡಿದ್ದರು.

"ಮುಚ್ಚಿಡೋಕೆ ಆಣೆ ಹಾಕ್ಸಿದ್ರು, ಸರಿ. ಆದ್ರೆ ಪುಟಗಟ್ಲೆ ಬರೀರಿ ಅಂತ ಯಾರ್ರೀ ಹೇಳಿದ್ರು ನಿಮಗೆ? ನಮ್ಮಮ್ಮನ ಕಿವಿ ಅಂತ ಊರೆಲ್ಲ ಹೇಳ್ಕೊಂಡ್ ತಿರುಗ್ತಿದ್ದೆ ನಾನು. ನಗು ಬರ್ತಿತ್ತಾ? ಆಟ ಆಡಿದ್ರಾ ನನ್ ಜೊತೆ?"

"ಇಲ್ರಿ..." ದಾನಮ್ಮ ಒಂದು ಹೆಜ್ಜೆ ಮುಂದೆ ಬಂದಳು.

ಅವನು ಗಿಟಾರನ್ನು ಚೀಲಕ್ಕೆ ತುರುಕಿ ಸರ್ರನೆ ಜಿಪ್ ಎಳೆದ. ಒಂಬತ್ತು ತಿಂಗಳಿಂದ ಅವಳು ಹೆದರಿದ್ದು ಈ ಸದ್ದಿಗೇ.

ಸೋಮವಾರ, ಮಂಗಳವಾರ, ಬುಧವಾರ... ಕೆಳಗಿನಿಂದ ಒಂದು ತಂತಿಯ ಸದ್ದೂ ಬರಲಿಲ್ಲ. ಇನ್ನೆಂದೂ ನುಡಿಸದಿದ್ದರೆ? ನನ್ನಿಂದಲೇ ಹಾಡು ಸತ್ತಿತೇ? ದಾನಮ್ಮನಿಗೆ ಅನ್ನ ಸೇರಲಿಲ್ಲ. ವಿಲ್ಸನ್ ಗಾರ್ಡನ್‌ನಲ್ಲಿ ಒಂದು ಪಿಜಿ ನೋಡಿಕೊಂಡು ಬಂದಳು.

ಶುಕ್ರವಾರ ಸಂಜೆ ಟ್ರಂಕು ಹಿಡಿದು ಮೆಟ್ಟಿಲಿಳಿದಳು. ಬೀಗದ ಕೈ ಕೊಟ್ಟು ಹೊರಟುಬಿಡಬೇಕು, ತಲೆ ಎತ್ತಬಾರದು.

ಕೊನೆಯ ಮೆಟ್ಟಿಲಲ್ಲಿ ಕಾಲು ನಿಂತಿತು. ಒಳಗೆ ಗಿಟಾರ್!

ಬಾಗಿಲು ತೆರೆದೇ ಇತ್ತು. ಶಾಂತಾದೇವಿಯ ಅಂಗೈ ಗಿಟಾರಿನ ಹೊಟ್ಟೆಯ ಮೇಲಿತ್ತು. "ಇಲ್ಲಿ ಜೋರಾಗಿ ಬಂತು... ಈಗ ಸಣ್ಣಗಾಯ್ತು," ಎಂದು ಮಗುವಿನಂತೆ ಹೇಳುತ್ತಿದ್ದರು. "ಸ್ಪೀಕರ್ ಮೇಲೆ ನನ್ನ ಕೈ ಇಟ್ಟು ಹಿಂಗೇ ಕೇಳಿಸ್ತಿದ್ಲು ಕಣೋ ಅವ್ಳು, ಪ್ರತಿ ಶನಿವಾರ!"

ಶಶಿಕಾಂತ್ ಕಣ್ಣೆತ್ತಿದ. ಟ್ರಂಕು ಕಂಡು ಅವನ ಮುಖ ಬಿಳಿಚಿತು. ಅವನಿಗೂ ಹೆದರಿಕೆ ಎಂಬುದಿದೆ ಎಂದು ದಾನಮ್ಮನಿಗೆ ಆಗಲೇ ಗೊತ್ತಾದದ್ದು.

"ಹೋಗ್ಬೇಡಿ... ಪ್ಲೀಸ್. ನಾಲ್ಕು ದಿನದಿಂದ ಬ್ರೌಸಿಂಗ್ ಸೆಂಟರಲ್ಲಿ ಕೂತು ಆ ಮೇಲ್‌ಗಳನ್ನೇ ಓದ್ತಿದೀನಿ. ನಮ್ಮಮ್ಮ ಹುಟ್ದಾಗಿಂದ ನನ್ನಲ್ಲಿ ಒಂದ್ ತಪ್ಪೂ ಹುಡುಕಿಲ್ಲ ರೀ. ತಪ್ಪು ಗೊತ್ತಾಗೋ ಅಷ್ಟು ಮನಸ್ಸಿಟ್ಟು ಕೇಳ್ದೋರು ನೀವೊಬ್ರೇ. ಆಟ ಅಂದಿದ್ದು ನನ್ನ ದಡ್ಡತನ."

"ಮೊದಲಿಗೆ ಅಮ್ಮನ ಮಾತ ಬರದೆ..." ಅವಳ ಕಣ್ಣೀರು ಟ್ರಂಕಿನ ಮೇಲೆ ಬಿತ್ತು. "ಆಮ್ಯಾಲ ಬರದದ್ದೆಲ್ಲ ನನ್ನ ಮಾತ ರೀ. ಅದನ್ನ ಹೇಳಾಕ ಹೆದರಿಕಿ ಆತು."

ಅವನು ಸ್ಲೇಟು ಎಳೆದುಕೊಂಡು ಏನೋ ಗೀಚಿ ಅಮ್ಮನ ಕೈಗಿಟ್ಟ. ಮೆಲ್ಲಗೆ ಓದಿಕೊಳ್ಳಲಿ ಎಂದು ಅವನ ಆಸೆ. ಶಾಂತಾದೇವಿಗೆ ಮೆಲ್ಲಗೆ ಎಂಬುದು ಎಲ್ಲಿಂದ ಬರಬೇಕು?

"'ಈ ಹುಡುಗೀನ ಮದ್ವೆ ಆಗ್ಲಾ ಅಮ್ಮಾ?' ಅಂತೆ!" ಇಡೀ ಬೀದಿಗೆ ಕೇಳುವಂತೆ ಓದಿದರು. "ಅವಳ್ನ ಕೇಳೋದು ಬಿಟ್ಟು ನನ್ನ ಕೇಳ್ತೀಯಲ್ಲೋ ದಡ್ಡ!" ಎನ್ನುತ್ತ ಕಾಫಿಗಿಡಲು ಒಳಗೆ ನಡೆದರು.

ದಾನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವನು ಹತ್ತಿರ ಬಂದು ಟ್ರಂಕನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟ.

"ಹೂಂ ಅಂತೀರಾ?"

"ನಂಗ ಇನ್ನೂ ಹೆದರಿಕಿ ಆಗಾಕತ್ತೈತ್ರಿ. ನೀವು ಮತ್ತ ಮಸ್ಕತ್‌ಗೆ ಹೋಗ್ತೀರಿ..."

"ಪ್ರತಿ ಶುಕ್ರವಾರ ಕಳಿಸ್ತೀನಿ. ನಿಮ್ಮ ಹೆಸರಿಗೇ. ತಪ್ಪು ಹುಡುಕಿ ಬರೀರಿ. ಒಂದೇ ಒಂದು ಷರತ್ತು."

"ಏನ್ರಿ?"

"ಕಂದ ಅಂತ ಮಾತ್ರ ಬರೀಬೇಡಿ."

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. ಸೆರಗು ಸರಿಸಿ, ಮೊದಲ ಸಲ ಅವನ ಕಣ್ಣಿನಲ್ಲಿ ಕಣ್ಣಿಟ್ಟಳು.

"ಎರಡನೇ ತಂತಿ ಇನ್ನೂ ಇಳದೈತಿ... ಶಶಿ."