ಭಿಡೆ ಬಿಟ್ಟು ಆಡಿದ ಮಾತು

"ನಮ್ಮಪ್ಪಗ ಇನ್ನೂ ಉಸಿರೈತ್ರಿ... ಯಾರರ ಗಾಡಿ ನಿಂದರಸ್ರಿ!"

ಹಾನಗಲ್ಲಿನ ರಸ್ತೆಯ ನಡುವೆ ನಿಂತು ಭಾಗ್ಯಶ್ರೀ ಕೂಗುತ್ತಿದ್ದಳು. ಬೈಕಿನಿಂದ ಬಿದ್ದ ಅಪ್ಪ ಫಕ್ಕೀರಪ್ಪನ ತಲೆಯಿಂದ ರಕ್ತ ಇಳಿಯುತ್ತಿತ್ತು.

ಮೂರು ಗಾಲಿಯ ಒಂದು ಟಂಟಂ ನಿಂತಿತು. ಹಿಂದೆ ತುಂಬ ಹಸಿಮೆಣಸಿನಕಾಯಿ ಚೀಲ. ಗಾಡಿಯವನು ಏನೂ ಕೇಳಲಿಲ್ಲ. ಚೀಲಗಳನ್ನು ಎಳೆದೆಳೆದು ರಸ್ತೆ ಬದಿಗೆ ಹಾಕಿದ.

"ನೀವು ಕಾಲು ಹಿಡೀರಿ. ಅಂಜಬ್ಯಾಡ್ರಿ, ನಾ ಅದೇನಿ."

ಗಾಡಿಯೊಳಗೆ ಮೆಣಸಿನಕಾಯಿಯ ಘಾಟು. ಕಣ್ಣೀರು ಘಾಟಿಗೆ ಬಂತೋ ದುಃಖಕ್ಕೋ, ಅವಳಿಗೇ ತಿಳಿಯಲಿಲ್ಲ.

ಅವನು ದುಂಡಸಿ ಊರಿನ ಪ್ರಭು. ಫಕ್ಕೀರಪ್ಪ ಆಸ್ಪತ್ರೆಯಲ್ಲಿ ಇರುವವರೆಗೂ ದಿನವೂ ಬಂದು ಹೋದ.

"ದಿನಾ ಯಾಕ ಬರ್ತೀರಿ?"

"ನಿಮ್ಮಪ್ಪನ್ನ ನೋಡಾಕ."

"ಅಪ್ಪ ಮಲಗ್ಯಾನ."

"ಹಂಗಾರ... ಏಳೂತನಕ ಕುಂದರ್ತೇನಿ."

ಅವಳಿಗೆ ನಗು ಬಂತು. ಆ ನಗುವಿನ ಜೊತೆಗೇ ಮನಸ್ಸೂ ಹೋಯಿತು.

ಅಪ್ಪ ಎದ್ದು ಓಡಾಡುವಂತಾದ ಮೇಲೆ ಪ್ರಭುವಿನ ಅವ್ವ ಹುಚ್ಚವ್ವ ಮಗನ ಜೊತೆ ಹೆಣ್ಣು ಕೇಳಲು ಬಂದಳು. ಒಪ್ಪಿಗೆಯಾದರೆ ಹೆಣ್ಣಿನ ಬಾಯಿಗೆ ಸಕ್ಕರೆ ಹಾಕುವುದು ಪದ್ಧತಿ. ಹುಚ್ಚವ್ವ ಬಟ್ಟಲು ಹಿಡಿದು ಕೇಳಿದಳು.

"ಏನವ್ವಾ, ನನ್ನ ಮಗ ಒಪ್ಪಿಗಿ ಅದಾನೇನು?"

ಹಿರಿಯರ ಮುಂದೆ ಹೆಣ್ಣುಮಕ್ಕಳು ಹೇಳುವ ಮಾತು ಒಂದೇ. ಭಾಗ್ಯಶ್ರೀಯೂ ತಲೆ ತಗ್ಗಿಸಿ ಅದನ್ನೇ ಹೇಳಿದಳು.

"ನೀವು ಹಿರೇರು ಹೆಂಗ ಅಂತೀರಿ ಹಂಗ್ರಿ."

ಸೋದರತ್ತೆ ಸರೋಜವ್ವ ನಕ್ಕಳು. "ಮತ್ತೇನಂತಾಳ್ರಿ? ಅಪ್ಪನ್ನ ಉಳಿಸಿದಾವಗ ಇಲ್ಲ ಅನ್ನಾಕ ಭಿಡೆ ಆಗೂದಿಲ್ಲೇನು!"

ಎಲ್ಲರೂ ನಕ್ಕರು. ಪ್ರಭು ನಗಲಿಲ್ಲ.

ಭಿಡೆ! ಅದು ಅಂಜಿಕೆಯಲ್ಲ, ನಾಚಿಕೆಯೂ ಅಲ್ಲ. ಹೊಟ್ಟೆ ತುಂಬಿದ್ದರೂ ಬೀಗರು ಹಾಕಿದ ಇನ್ನೊಂದು ರೊಟ್ಟಿಯನ್ನು ಉಣ್ಣಿಸುವುದು ಅದೇ. ಪರಿಚಯದ ಅಂಗಡಿಯಲ್ಲಿ ಮನಸ್ಸಿಗೆ ಬಾರದ ಸೀರೆ ಕೊಳ್ಳಿಸುವುದೂ ಅದೇ. ಎದುರಿಗಿದ್ದವರು ನೋಯಬಾರದೆಂದು ನಮ್ಮ ಮನಸ್ಸನ್ನು ನಾವೇ ನುಂಗಿಕೊಳ್ಳುವುದು... ಇಷ್ಟೆಲ್ಲ ಆ ಎರಡಕ್ಷರದಲ್ಲಿದೆ. ಸೀರೆಯಾದರೆ ಪೆಟ್ಟಿಗೆಯಲ್ಲಿಡಬಹುದು. ಬಾಳನ್ನು ಎಲ್ಲಿಡುವುದು?

"ಅವ್ವಾ, ಸಕ್ಕರಿ ಮುಚ್ಚಿಡು," ಎಂದ ಪ್ರಭು. "ಭಿಡೆಗೆ ಬಿದ್ದು ಬರೂದು ಬ್ಯಾಡ."

ಎದ್ದು ಹೋದ.

ಹುಡುಗನೇ ಒಲ್ಲೆ ಅಂದನಂತೆ ಎಂದು ಊರೆಲ್ಲ ಮಾತಾಡಿತು. ಫಕ್ಕೀರಪ್ಪ ಕಟ್ಟೆಗೆ ಹೋಗುವುದನ್ನೇ ಬಿಟ್ಟ. ಭಾಗ್ಯಶ್ರೀ ಒಲೆಯ ಮುಂದೆ ಕುಳಿತು ಸುಟ್ಟ ರೊಟ್ಟಿಯನ್ನೇ ನೋಡುತ್ತಿದ್ದಳು.

'ಅಷ್ಟು ಮಂದಿಯ ಮುಂದೆ ಬೇಡವೆಂದನಲ್ಲ! ನಾನು ಆಡಿದ್ದರಲ್ಲಿ ತಪ್ಪೇನಿತ್ತು? ಎಲ್ಲರೂ ಅನ್ನುವುದನ್ನೇ ಅಂದೆ... ಎಲ್ಲರೂ ಅನ್ನುವುದನ್ನೇ!'

ಅಷ್ಟರಲ್ಲಿ ಸರೋಜವ್ವ ಹಿರೇಕೆರೂರಿನ ಸಂಬಂಧ ತಂದಳು. ಗಂಡಿನ ತಂದೆ ಗುದ್ಲೆಪ್ಪ ಒಳ್ಳೆಯವರು. ಉಪ್ಪಿಟ್ಟು ತಿಂದು ಹೊಗಳಿದರು.

"ನಮಗ ಹುಡುಗಿ ಪಸಂದ ಅದಾಳ. ನೀ ಏನಂತೀ ತಂಗಿ?"

ಅಪ್ಪನ ಕಣ್ಣು ಬೇಡುತ್ತಿತ್ತು. ಸರೋಜವ್ವನ ಮೊಣಕೈ ತಿವಿಯುತ್ತಿತ್ತು. ಭಾಗ್ಯಶ್ರೀ ತಲೆ ಎತ್ತಿದಳು.

"ನನಗ ಒಪ್ಪಿಗಿ ಇಲ್ರಿ... ನಿಮ್ಮ ಮಗಗ ಏನೂ ಊನ ಇಲ್ಲ. ನನ್ನ ಮನಸು ಬ್ಯಾರೆ ಕಡೆ ಐತಿ."

"ಅಯ್ಯ, ಇಕಿ ಬಾಯಿ ನೋಡ್ರೆವ್ವಾ!" ಎಂದು ಸರೋಜವ್ವ ಹಣೆ ಬಡಿದುಕೊಂಡಳು.

ಗುದ್ಲೆಪ್ಪನವರು ಟೊಪ್ಪಿಗೆ ಸರಿ ಮಾಡಿಕೊಂಡು ಎದ್ದರು. "ಈಗರ ಅಂದಿ, ಛಲೋ ಆತವ್ವಾ."

ಅವರು ಹೋದ ಮೇಲೆ ಫಕ್ಕೀರಪ್ಪ ಉಪ್ಪಿಟ್ಟಿನ ತಾಟುಗಳನ್ನು ತಾನೇ ಎತ್ತಿಟ್ಟ. ಆಮೇಲೆ, "ದುಂಡಸಿಗೆ ಬಸ್ಸು ಮುಂಜಾನೆ ಐತಿ," ಎಂದಷ್ಟೇ ಹೇಳಿದ.

ಮರುದಿನ ದುಂಡಸಿಯಲ್ಲಿ ಪ್ರಭು ಮನೆ ಮುಂದೆ ಗಾಡಿಯ ಗಾಲಿ ಬಿಚ್ಚುತ್ತಿದ್ದ. ಎದುರಿಗೆ ಅವಳು!

"ಹಿರೇಕೆರೂರಿನವರಿಗೆ ಇಲ್ಲ ಅಂದೇನಿ," ಎಂದಳು. "ಎಲ್ಲಾರ ಮುಂದ."

ನಟ್ಟು ತಿರುಗಿಸುತ್ತಿದ್ದ ಅವನ ಕೈಯಲ್ಲಿನ ಪಾನಾ ನಿಂತಿತು.

"ಒಲ್ಲೆ ಅನ್ನೂದಿದ್ರ ಅವತ್ತ ನಿಮಗೂ ಅಂತಿದ್ದೆ. ನೀವು ನನ್ನ ಒಂದು ಮಾತು ಕೇಳಬೇಕಿತ್ತು... ಕೇಳಲಿಲ್ಲ. ಅಷ್ಟು ಮಂದ್ಯಾಗ ಬಿಟ್ಟು ಎದ್ದು ಹೋದ್ರಿ. ಅದನ್ನ ಮರಿಯೂದಿಲ್ಲ ನಾ."

"ಮರೀಬ್ಯಾಡ. ತಪ್ಪು ನಂದ." ಅವನು ಪಾನಾ ಕೆಳಗಿಟ್ಟ. "ಈಗ ಕೇಳ್ಲಿ?"

"ಕೇಳ್ರಿ."

"ಭಾಗ್ಯಾ... ನನ್ನ ಕೂಡ ಬಾಳೇವು ಮಾಡ್ತೀ?"

ಅವಳು ಬೇಕೆಂದೇ ಕೇಳಿದಳು. "ಇಲ್ಲ ಅಂದ್ರ?"

"ಬಸ್ ಸ್ಟ್ಯಾಂಡಿಗೆ ಬಿಟ್ಟು ಬರ್ತೇನಿ."

"ಅಳ್ತೀರೇನು?"

"ಹೋಗೂ ಮುಂದ ಅಳೂದಿಲ್ಲ. ಹೊಳ್ಳಿ ಬರೂ ಮುಂದ... ಅಳ್ತೇನಿ."

ಅವಳ ಕಣ್ಣು ತುಂಬಿ ತುಳುಕಿತು.

"ಹಂಗಾರ ಬಿಡಾಕ ಬರಬ್ಯಾಡ್ರಿ. ನನಗ ನೀವ ಬೇಕು."

"ಇನ್ನೊಮ್ಮೆ ಅನ್ನು..."

"ಒಮ್ಮೆ ಅನ್ನಾಕ ನನ್ನ ಜೀವ ಹೋಗಿ ಬಂತು! ಇನ್ನ ನಿಮ್ಮ ಪಾಳಿ."

ಗ್ರೀಸ್ ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಪ್ರಭು ಮೆಲ್ಲಗೆ ಹೇಳಿದ.

"ನನಗೂ... ನೀನ ಬೇಕು."