ತಾವರೆಯೊಳಗಿನ ಸೆಲ್

"ಅಮ್ಮ, ಜಡಿ ಸಡ್ಲ ಆತು. ಅಜ್ಜಿ ಹಿಂಗ ಹಾಕತಿದ್ದಿಲ್ಲ."

ಅಮ್ಮ ಜಡೆ ಬಿಚ್ಚಿ ಮತ್ತೆ ಹೆಣೆದಳು. ಅಜ್ಜಿಯ ಕರ್ಮ ಮುಗಿಸಿ ನೆಂಟರೆಲ್ಲ ನಿನ್ನೆಯಷ್ಟೇ ಹೊರಟುಹೋಗಿದ್ದರು. ಇವತ್ತು ವೃಂದಾ ಮತ್ತೆ ಶಾಲೆಗೆ ಹೋಗಬೇಕು. ಕುಕ್ಕರ್ ಎಂದಿನಂತೆ ಸೀಟಿ ಹೊಡೆಯಿತು. ವೃಂದಾಗೆ ಯಾಕೋ ಅದರ ಮೇಲೆ ಸಿಟ್ಟು ಬಂತು.

ಕಪಾಟಿನ ಮೇಲಿಂದ ಕಾಗದದ ತಾವರೆ ಇಳಿಸಿದಳು. ಇವತ್ತೇ ಸೈನ್ಸ್ ಪ್ರದರ್ಶನ. ಗುಲಾಬಿ ಹಾಳೆ ಮಡಚಿ ಹೂವು ಮಾಡಿದವಳು ಅಜ್ಜಿ. ಒಳಗೆ ತಾಮ್ರದ ಟೇಪು ಅಂಟಿಸಿ, ಪುಟ್ಟ ಎಲ್‌ಇಡಿ ಬಲ್ಬು, ಬಿಲ್ಲೆಯಂಥ ಸೆಲ್ ಕೂಡಿಸಿದವಳು ವೃಂದಾ. ಒಂದು ಎಸಳನ್ನು ಒಳಗೆ ಮಡಚಿದರೆ ಟೇಪಿನ ತುದಿಗಳು ಒಂದಕ್ಕೊಂದು ಮುಟ್ಟಿ ಬಲ್ಬು ಹತ್ತುತ್ತದೆ. ಮೊದಲ ಸಲ ಹತ್ತಿರಲಿಲ್ಲ.

"ಸೆಲ್ ಉಲ್ಟಾ ಹಾಕೀ, ಹುಚ್ಚಿ! ಪ್ಲಸ್ ಮ್ಯಾಲ ಬರಬೇಕು," ಎಂದು ಅಜ್ಜಿ ನಕ್ಕಿದ್ದಳು.

ಅಜ್ಜಿ ಹೋದಮೇಲೆ ವೃಂದಾ ಹೂವನ್ನು ಮುಟ್ಟಿರಲಿಲ್ಲ. ಹತ್ತದಿದ್ದರೆ? ಉಸಿರು ಹಿಡಿದು ಎಸಳು ಮಡಚಿದಳು.

ಹತ್ತಿತು! ಅಜ್ಜಿಯ ಕೈಯಲ್ಲಿ ಹೇಗೆ ಹತ್ತಿತ್ತೋ ಹಾಗೇ.

"ಲಗೂ ತಿನ್ನು," ಅಂದಳು ಅಮ್ಮ. "ನಾ ಎದುರುಮನಿ ಖಾಲಾನ ನೋಡಿ ಬರಬೇಕು. ನಿನ್ನೆ ತಲಿ ತಿರಗಿ ಕೂತುಬಿಟ್ಟಿದ್ರಂತ. ಸಕ್ರಿ ಎಷ್ಟದನೋ ಏನೋ."

"ಸಕ್ರಿ ನೋಡೋ ಮಷೀನ್ ಅವರ ಮನ್ಯಾಗನ ಅದ ಅಲ್ಲ?"

"ಅದರಾಗ ಸೆಲ್ ಇಲ್ಲಂತ."

ವೃಂದಾಳ ಕೈ ನಿಂತಿತು. ಹೂವು ಮಾಡಿದ ದಿನ ಕಿಟಕಿಯಿಂದಲೇ ಅಜ್ಜಿ ಎದುರುಮನೆಗೆ ಕೂಗಿದ್ದು ನೆನಪಾಯಿತು: "ಬೇಗಂ, ನಿನ್ನ ಮಷೀನಿನ ಸೆಲ್ ಕೊಡು. ನಾಳೆ ಮುಂಜಾನೆ ತಿರುಗಿ ಕೊಡತೀನಿ." ಆ ಮುಂಜಾನೆ ಅಜ್ಜಿ ಏಳಲೇ ಇಲ್ಲ.

ಸಂಜೆ ಕೊಟ್ಟರಾಗದೇ? ಪ್ರದರ್ಶನ ಮುಗಿದಮೇಲೆ? ವೃಂದಾ ಹೂವಿನ ಬೆಳಕನ್ನೇ ನೋಡಿದಳು. ಆಮೇಲೆ ಉಗುರಿನಿಂದ ಟೇಪು ಎಬ್ಬಿಸಿ ಸೆಲ್ ತೆಗೆದಳು. ಹೂವು ಆರಿತು.

ಎದುರುಮನೆಯ ಶಹಜಹಾನಬೇಗಂ ಗೋಡೆಗೆ ಒರಗಿ ಕೂತಿದ್ದರು.

"ಖಾಲಾ, ನಿಮ್ಮ ಸೆಲ್. ಅಜ್ಜಿ ಇಸಕೊಂಡಿದ್ಲು."

ಅವರು ಸೆಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ನೀವು ಕೇಳಬೇಕಿತ್ತಲ್ರಿ?"

"ಯಾವ ಬಾಯಿಲೆ ಕೇಳ್ಲಿ, ಬೇಟಾ?"

"ಹೊಸಾದರ ತರಸಬೇಕಿತ್ತು!"

"ನಿಮ್ಮಜ್ಜಿ ತಾರಾಬಾಯಿ ಕೊಡತೀನಂದ್ರ ಕೊಡೋರು. ಹೊಸಾದು ತರಸಾಕ ಮನಸ ಬರಲಿಲ್ಲ." ಅವರು ಮಷೀನಿನ ಹಿಂದಿನ ಮುಚ್ಚಳ ತೆಗೆದು ಸೆಲ್ ಕೂಡಿಸಿದರು. ಮಷೀನ್ ಸದ್ದೇ ಮಾಡಲಿಲ್ಲ.

"ಉಲ್ಟಾ ಹಾಕೀರಿ ಖಾಲಾ! ಪ್ಲಸ್ ಮ್ಯಾಲ ಬರಬೇಕು!"

ಖಾಲಾ ಸೆರಗಿನಿಂದ ಕಣ್ಣೊತ್ತಿಕೊಂಡು ನಕ್ಕರು. "ಥೇಟ್ ನಿಮ್ಮಜ್ಜಿನ! ಹುಚ್ಚಿ ಅನ್ನೂದೊಂದು ಬಿಟ್ಟಿ ನೋಡು!"

ವೃಂದಾಗೂ ನಗು ಬಂತು. ಅಜ್ಜಿ ಹೋದಮೇಲೆ ಮೊದಲ ನಗು.

ಸೆಲ್ ತಿರುಗಿಸಿ ಹಾಕಿದಮೇಲೆ ಮಷೀನ್ ಕುಂಯ್ ಅಂದಿತು. ಖಾಲಾ ಬೆರಳು ಚುಚ್ಚಿ ಅದರ ಪಟ್ಟಿಗೆ ಒಂದು ಹನಿ ರಕ್ತ ಹಚ್ಚಿದರು. "ಹೆಚ್ಚೂ ಇಲ್ಲ, ಕಡಿಮಿನೂ ಇಲ್ಲ! ಇವತ್ತೊಂದು ಕಪ್ ಸಿಹಿ ಚಾ..."

"ಬ್ಯಾಡ್ರಿ ಖಾಲಾ!"

"ಆತವ್ವ, ಆತು. ಸಾಲ್ಯಾಗ ನಿನ್ನ ಹೂವು ಹತ್ತಬ್ಯಾಡೇನ?"

"ಟೀಚರ್ ಕಡೆ ಒಂದು ಸೆಲ್ ಇಸಕೋತೀನ್ರಿ," ಅಂದಳು ವೃಂದಾ. "ಸಂಜಿಗೆ ತಿರುಗಿ ಕೊಡತೀನಿ."

ಹೊಸ್ತಿಲಲ್ಲಿ ನಿಂತು ತಾವರೆಯ ಎಸಳು ಮಡಚಿ ನೋಡಿದಳು. ಬೆಳಕಿಲ್ಲ. ಆದರೆ ಅಜ್ಜಿ ಹಾಕಿದ ಮಡಿಕೆ ಬಿಗಿಯಾಗಿಯೇ ಇತ್ತು. ಒಳಗೆ ತುದಿಗಳೆರಡೂ ಮುಟ್ಟಿದ್ದು ಬೆರಳಿಗೆ ಗೊತ್ತಾಯಿತು.