ಉಪ್ಪು ನೋಡುವವನು

"ಉಪ್ಪು ಜಾಸ್ತಿ."

ಅಷ್ಟೇ! ಹೇಗಿದ್ದೀಯಾ ಅಂತಿಲ್ಲ, ಚೆನ್ನಾಗಿದೆ ಅಂತಿಲ್ಲ. ಆಲ್ಫಿಯಸ್ ಚಮಚ ಕೆಳಗಿಟ್ಟು ಎರಡನೇ ಪಾತ್ರೆಯ ಕಡೆ ಕಣ್ಣು ಹಾಯಿಸಿದ.

ಇಸ್ಮೇ ಹಲ್ಲು ಕಚ್ಚಿಕೊಂಡು ಅದರಿಂದಲೂ ಒಂದು ಸೌಟು ಬಡಿಸಿದಳು.

"ಇದಕ್ಕೆ ಕಮ್ಮಿ."

"ಮತ್ತೆ ಯಾಕೋ ಬರ್ತೀಯಾ ದಿನಾ? ಈ ಕ್ಯಾರಿಯಾಕೂ ದ್ವೀಪದಲ್ಲಿ ಬೇರೆ ಯಾರೂ ಒಲೆ ಹಚ್ಚಲ್ವಾ? ನನ್ನ ತಟ್ಟೇಲೇ ಕಲ್ಲು ಹುಡುಕಬೇಕಾ?"

"ನಾಳೆ ಬರ್ತೀನಿ," ಎಂದು ಅವನು ಟೋಪಿ ಎತ್ತಿಕೊಂಡು ಹೊರಟೇಬಿಟ್ಟ. ಹನ್ನೊಂದಕ್ಕೆ ಗ್ರೆನಡಾದಿಂದ ದೋಣಿ ಬರುತ್ತದೆ, ಅವನ ಮಿನಿಬಸ್ಸು ಜೆಟ್ಟಿಯಲ್ಲಿರಬೇಕು.

ಅವನ ಬೆನ್ನು ಮರೆಯಾಗುತ್ತಲೇ ಇಸ್ಮೇ ಮೊದಲ ಪಾತ್ರೆಗೆ ಎರಡು ಬಾಳೆಕಾಯಿ ಹೆಚ್ಚಿ ಹಾಕಿದಳು, ಉಪ್ಪು ಎಳೆದುಕೊಳ್ಳಲಿ ಎಂದು. ಎರಡನೆಯದಕ್ಕೆ ಒಂದು ಚಿಟಿಕೆ ಉದುರಿಸಿದಳು. ಬಾಯಲ್ಲಿ ಬೈಗುಳ, ಕೈಯಲ್ಲಿ ಅವನು ಹೇಳಿದ್ದೇ ಕೆಲಸ! ಬೇರೆ ದಾರಿಯಾದರೂ ಏನಿತ್ತು ಅವಳಿಗೆ?

ಏಕೆಂದರೆ ಇಸ್ಮೇಗೆ ರುಚಿ ಗೊತ್ತಾಗುತ್ತಿರಲಿಲ್ಲ...

ನಾಲ್ಕು ತಿಂಗಳ ಹಿಂದೆ, ಅವಳ ಅಮ್ಮ ಥಿಯಾ ತೀರಿಕೊಂಡ ವಾರವೇ ಅವಳೂ ಜ್ವರದಲ್ಲಿ ಮಲಗಿದ್ದಳು. ಎದ್ದಾಗ ಬಾಯಿಗೆ ಹಾಕಿದ್ದೆಲ್ಲ ಒದ್ದೆ ಬಟ್ಟೆ ಅಗಿದಂತೆ. ಉಪ್ಪಿಲ್ಲ, ಖಾರವಿಲ್ಲ, ಹುಳಿಯಿಲ್ಲ. ಮೂಗೂ ಸತ್ತಿತ್ತು. ಆಸ್ಪತ್ರೆಯ ನರ್ಸಮ್ಮ, "ಬಂದ್ರೆ ಬರಬಹುದು, ಬರದೇನೂ ಇರಬಹುದು," ಎಂದಿದ್ದಳು. ಇಸ್ಮೇ ಅದನ್ನು ಯಾರಿಗೂ ಹೇಳಲಿಲ್ಲ. ರುಚಿ ಗೊತ್ತಾಗದ ಅಡುಗೆಯವಳ ಊಟದಂಗಡಿಗೆ ಯಾರು ಬರುತ್ತಾರೆ? ಅಮ್ಮ ಮೂವತ್ತು ವರ್ಷ ನಿಂತ ಒಲೆ ಅದು. ಅದೊಂದು ಆರಿಹೋದರೆ ಅವಳಿಗೆ ಅಮ್ಮನದು ಅಂತ ಇನ್ನೇನೂ ಉಳಿಯುತ್ತಿರಲಿಲ್ಲ.

ಹಾಗಾಗಿ ಕೈಯಳತೆಯಲ್ಲಿ, ಕಣ್ಣಂದಾಜಿನಲ್ಲಿ ನಡೆಸುತ್ತಿದ್ದಳು. ತೊಗರಿಕಾಯಿ ಸಾರು, ಮೆಕ್ಕೆಜೋಳದ ಮುದ್ದೆ ಹೇಗೋ ಆಗುತ್ತಿದ್ದವು. ಕಷ್ಟವೆಲ್ಲ ಆಯಿಲ್‌ಡೌನ್‌ನದು. ಜೀಗುಜ್ಜೆ, ಸೊಪ್ಪು, ಉಪ್ಪಲ್ಲಿ ಊರಿಸಿದ ಮಾಂಸ ಪದರ ಪದರವಾಗಿ ಜೋಡಿಸಿ, ತೆಂಗಿನ ಹಾಲು ಪೂರ್ತಿ ಇಂಗುವವರೆಗೆ ಬೇಯಿಸಬೇಕು. ಮಾಂಸದಲ್ಲಿ ಒಂದು ದಿನ ಇದ್ದಷ್ಟು ಉಪ್ಪು ಇನ್ನೊಂದು ದಿನ ಇರುವುದಿಲ್ಲ. ನಾಲಿಗೆ ಇಲ್ಲದವಳಿಗೆ ಅದು ದಿನಾ ಪರೀಕ್ಷೆ.

ಅದರ ಮೇಲೆ ಈ ಆಲ್ಫಿಯಸ್!

'ಮೊದಲು ಹೀಗಿರಲಿಲ್ಲ ಇವನು...' ಎಂದುಕೊಂಡಳು. ಅಮ್ಮ ಇದ್ದಾಗ ಸಂಜೆ ಸಂಜೆ ಬಂದು ತಟ್ಟೆ ನೆಕ್ಕಿದಂತೆ ಖಾಲಿ ಮಾಡಿ, ಅವಳ ಕಡೆ ನೋಡಿ ನಗುತ್ತಿದ್ದ. "ಈ ಹುಡುಗ ಊಟಕ್ಕೆ ಮಾತ್ರ ಬರ್ತಿಲ್ಲ ಕಣೇ," ಎಂದು ಅಮ್ಮ ಕಿಚಾಯಿಸುತ್ತಿದ್ದಳು. ಅಮ್ಮನಿಗೆ ಎಡೆ ಇಟ್ಟ ದಿನ ಬಂದವನು ಅವಳ ಮುಖವನ್ನೇ ಒಂದು ಥರಾ ನೋಡಿದ್ದ. ಮಾರನೇ ದಿನದಿಂದ ನಗು ಇಲ್ಲ. ಬೆಳಿಗ್ಗೆ ಹತ್ತೂವರೆಗೆ ಬರುವುದು, ಉಪ್ಪು ಜಾಸ್ತಿ, ಉಪ್ಪು ಕಮ್ಮಿ, ಹೊರಡುವುದು.

'ಅಮ್ಮ ಹೋದಳು, ಇವನ ಮನಸ್ಸೂ ಹೋಯ್ತು.' ಹಾಗೆಂದೇ ಅವಳು ತಿಳಿದಿದ್ದಳು.

* * *

ಬೆಂಕಿಗೆ ತುಪ್ಪ ಸುರಿದವಳು ಟಾಂಟಿ ಮರ್ಲ್. ಮೀನು ಮಾರುವವಳು, ಊರಿಗೆಲ್ಲ ಚಿಕ್ಕಮ್ಮ. ಬಾಯಿಗೆ ಬೀಗವಿಲ್ಲದ ಹೆಂಗಸು, ಆದರೆ ಮನಸ್ಸು ಕೆಟ್ಟದ್ದಲ್ಲ.

"ಇಸ್ಮೇ, ನಿನ್ನ ಆ ಡ್ರೈವರ್ ಇದಾನಲ್ಲ, ಅವನ ಕಥೆ ಕೇಳು. ಜೆಟ್ಟೀಲಿ ಹೊರಗಿನೋರು ಕೇಳ್ತಿದ್ರು, ಎಲ್ಲಿ ಊಟ ಮಾಡೋಣ, ಏನು ತಿಂದು ನೋಡೋಣ ಅಂತ. ಇವನು ಒಂದೇ ಉಸಿರಿಗೆ ಹೇಳ್ದ, ಶಂಖದ ಮಾಂಸ ವಿಂಡ್‌ವರ್ಡ್ ಹಳ್ಳೀಲಿ ತಿನ್ನಿ, ಕರಿದ ಬೇಕ್ಸ್ ರೊಟ್ಟಿ ಚರ್ಚ್ ಪಕ್ಕ, ಮೀನು ಸಾರು ಕಾಸ್ಮಿನಾ ಹತ್ರ..."

"ನನ್ನ ಹೆಸರು?"

"ಹೇಳ್ದ. ಆದ್ರೆ ಹನ್ನೆರಡರ ಒಳಗೆ ಮಾತ್ರ ಅಲ್ಲಿಗೆ ಹೋಗ್ಬೇಡಿ ಅಂದ!"

ಇಸ್ಮೇಳ ಕೈಯಲ್ಲಿದ್ದ ಸೌಟು ನಿಂತಿತು. ದೋಣಿ ಇಳಿದವರು ಹಸಿದಿರುತ್ತಾರೆ. ಹನ್ನೆರಡರ ತನಕ ಯಾರು ಕಾಯುತ್ತಾರೆ? ಅಷ್ಟರಲ್ಲಿ ಕಾಸ್ಮಿನಾಳ ಬೆಂಚು ತುಂಬಿರುತ್ತದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ ಅಲ್ಲವೇ!

ಮರುದಿನ ಹತ್ತೂವರೆಗೆ ಆಲ್ಫಿಯಸ್ ಬಂದಾಗ ಅವನ ಸ್ಟೂಲು ಮೇಜಿನ ಮೇಲೆ ತಲೆಕೆಳಗಾಗಿತ್ತು.

"ಇಲ್ಲಿ ನಿನಗೆ ಊಟ ಇಲ್ಲ," ಎಂದಳು ಇಸ್ಮೇ. "ಜನರನ್ನ ಬೇರೆ ಕಡೆ ಕಳಿಸೋನು ನನ್ನ ಹೊಸಿಲು ಯಾಕೆ ತುಳಿಬೇಕು?"

"ಇಸ್ಮೇ, ಒಂದು ಮಾತು ಕೇಳು..."

"ಅಮ್ಮ ಇದ್ದಾಗ ನೀನು ನಕ್ಕೆ. ಅಮ್ಮ ಹೋದ್ಮೇಲೆ ಹಲ್ಲಿ ಲೊಚಗುಟ್ಟಿದ ಹಾಗೆ ದಿನಾ ಒಂದು ತಪ್ಪು. ಸಾಕು! ಹೋಗು!"

ಅವನು ಪಾತ್ರೆಗಳನ್ನು ನೋಡಿದ. ಅವಳನ್ನು ನೋಡಿದ.

"ಒಂದೇ ಒಂದು ಚಮಚ ಕೊಡು, ಇಸ್ಮೇ. ಇವತ್ತು ಮಾತ್ರ. ಆಮೇಲೆ ಹೋಗ್ತೀನಿ."

"ಒಂದು ಹನಿ ಕೂಡ ಇಲ್ಲ!"

ಅವನು ತಲೆ ತಗ್ಗಿಸಿಕೊಂಡು ಹೋದ. ಅವಳಿಗೆ ಗೆದ್ದೆ ಅನಿಸಲಿಲ್ಲ.

* * *

ಅವತ್ತು ಹನ್ನೊಂದೂಕಾಲಿಗೇ ಹನ್ನೆರಡು ಜನ ಒಟ್ಟಿಗೆ ಬಂದರು. ಕಪ್ಪು ಬಟ್ಟೆ, ಕೈಯಲ್ಲಿ ಹೂವು. ಯಾರದೋ ಸಮಾಧಿಗೆ ಕಲ್ಲು ನೆಡಲು ಗ್ರೆನಡಾದಿಂದ ಬಂದ ನೆಂಟರು.

ಮುಂದಿದ್ದ ಮುದುಕ ಇಸ್ಮೇಳ ಗಲ್ಲ ಹಿಡಿದ. "ಥಿಯಾಳ ಮಗಳಲ್ವಾ ನೀನು! ಆ ಡ್ರೈವರ್ ಇವತ್ತು ಬೇಡ, ಬೇಡ ಅಂತ ಕೈ ಹಿಡ್ಕೊಂಡ ಕಣಮ್ಮ. ನಾನು ಕೇಳಲಿಲ್ಲ. ನಿಮ್ಮಮ್ಮನ ಆಯಿಲ್‌ಡೌನ್ ತಿಂದು ಆರು ವರ್ಷ ಆಯ್ತು."

'ಇವತ್ತೂ ತಡೆದನಾ!' ಇಸ್ಮೇ ಕುದಿಯುತ್ತಲೇ ಹನ್ನೆರಡು ತಟ್ಟೆ ತುಂಬಿದಳು.

ಮೊದಲ ಚಮಚ...

ಒಬ್ಬಳು ನೀರಿನ ಲೋಟಕ್ಕೆ ಕೈ ಹಾಕಿದಳು. ಇನ್ನೊಬ್ಬ ಬಾಯೊರೆಸಿಕೊಳ್ಳುವ ನೆಪದಲ್ಲಿ ಕರವಸ್ತ್ರಕ್ಕೆ ಉಗುಳಿದ. ಮುದುಕ ಕಷ್ಟಪಟ್ಟು ನುಂಗಿ, ಮೆಲ್ಲಗೆ ಚಮಚ ಇಟ್ಟ.

"ಮಗಳೇ... ಸಮುದ್ರದ ನೀರಲ್ಲಿ ಬೇಯಿಸಿದ್ಯಾ?"

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು! ಹೂವು ಎತ್ತಿಕೊಂಡು, ತುಂಬಿದ ತಟ್ಟೆಗಳನ್ನು ಹಾಗೇ ಬಿಟ್ಟು ಒಬ್ಬೊಬ್ಬರಾಗಿ ಎದ್ದುಹೋದರು.

ಎಲ್ಲ ನೋಡುತ್ತಿದ್ದ ಟಾಂಟಿ ಮರ್ಲ್ ಒಳಗೆ ಬಂದು ಪಾತ್ರೆಗೆ ಬೆರಳದ್ದಿ ಬಾಯಿಗಿಟ್ಟಳು. ಮುಖ ಕಿವುಚಿಕೊಂಡಳು.

"ಅಯ್ಯೋ ದೇವರೇ! ನೀನು ಇದನ್ನ ಉಪ್ಪು ನೋಡ್ಲಿಲ್ವೇನೇ?"

"ನೋಡಿದೆ ಟಾಂಟಿ..." ಇಸ್ಮೇ ಒಲೆಯ ಮುಂದೆ ಕುಸಿದು ಕೂತಳು. "ನೋಡಿದೆ. ನಂಗೆ ಗೊತ್ತಾಗಲ್ಲ. ನಾಲ್ಕು ತಿಂಗಳಿಂದ ಏನೂ ಗೊತ್ತಾಗಲ್ಲ!"

ಮರ್ಲ್ ಅವಳ ತಲೆಯನ್ನು ತನ್ನ ಮೀನು ನಾರುವ ಏಪ್ರನ್ನಿಗೆ ಒತ್ತಿಕೊಂಡಳು. ಆ ವಾಸನೆಯೂ ಇಸ್ಮೇಗೆ ತಿಳಿಯಲಿಲ್ಲ.

"ನಾಲ್ಕು ತಿಂಗಳು? ಮತ್ತೆ ದಿನಾ ಹೇಗೆ ಸರಿ ಇರ್ತಿತ್ತೇ, ಹುಚ್ಚಿ? ಊರೆಲ್ಲ ತಿಂದಿದೆ. ಒಬ್ಬರೂ ಒಂದು ಮಾತು ಅಂದಿಲ್ಲ!"

ಇಸ್ಮೇ ತಲೆ ಎತ್ತಿದಳು.

ಬಾಳೆಕಾಯಿ. ಒಂದು ಚಿಟಿಕೆ ಉಪ್ಪು. ದಿನಾ ಹತ್ತೂವರೆ...

* * *

ಜೆಟ್ಟಿಯ ಬಾದಾಮಿ ಮರದ ಕೆಳಗೆ ಮಿನಿಬಸ್ಸು ನಿಂತಿತ್ತು. ಬಾಗಿಲು ತೆರೆದುಕೊಂಡು ಆಲ್ಫಿಯಸ್ ಕಾಲು ಇಳಿಬಿಟ್ಟು ಕೂತಿದ್ದ. ಅವಳು ಏದುಸಿರು ಬಿಡುತ್ತ ಬಂದು ಎದುರು ನಿಂತಳು.

"ನಿಂಗೆ ಗೊತ್ತಿತ್ತು."

ಅವನು ಟೋಪಿಯನ್ನು ಹಣೆಗೆ ಎಳೆದುಕೊಂಡ.

"ಯಾವಾಗಿಂದ?"

"ನಿಮ್ಮಮ್ಮನ ಎಡೆ ದಿನದಿಂದ," ಎಂದ ಅವನು ನೆಲ ನೋಡುತ್ತ. "ನೀನು ಎರಡು ಪಾತ್ರೆ ಇಟ್ಟಿದ್ದೆ. ಬಂದೋರಿಗೆ ಒಂದು, ಸತ್ತೋರಿಗೆ ಒಂದು. ನಾನು ಬೇಗ ಬಂದೆ ಅಂತ ಒಂದು ತಟ್ಟೆ ಕೊಟ್ಟು, ನೀನೂ ಪಕ್ಕ ಕೂತು ತಿಂದೆ. ಒಂದು ಹರಳು ಉಪ್ಪಿರಲಿಲ್ಲ, ಇಸ್ಮೇ. ಅದು ಸತ್ತೋರ ಪಾತ್ರೆ. ನೀನು ನನ್ನ ಮುಖ ನೋಡಿ, ಉಪ್ಪು ಹದವಾಗಿದೆ ಅಲ್ವಾ, ಅಂದೆ."

ಇಸ್ಮೇಳ ಕೈ ಬಾಯಿಗೆ ಹೋಯಿತು. ಹಿರಿಯರ ಎಡೆಗೆ ಉಪ್ಪು ಮುಟ್ಟಿಸುವಂತಿಲ್ಲ. ಉಪ್ಪು ತಿಂದ ಜೀವ ದಾರಿ ತಪ್ಪುತ್ತದೆ ಎಂದು ಅಜ್ಜಿಯರ ಕಾಲದ ಮಾತು.

"ಹಾಗಾದ್ರೆ... ಅಮ್ಮನ ಮುಂದೆ ನಾನಿಟ್ಟಿದ್ದು... ಉಪ್ಪಿನದಾ?"

"ಇಲ್ಲ. ನೀನು ತಲೆ ಬಗ್ಗಿಸಿ ಹೂವು ಜೋಡಿಸ್ತಿದ್ದಾಗ ನಾನು ಪಾತ್ರೆ ಅದಲು ಬದಲು ಮಾಡಿದೆ. ನಿಮ್ಮಮ್ಮ ಸಪ್ಪೆದೇ ಉಂಡು ಹೋದ್ರು. ನೆಮ್ಮದಿಯಾಗಿ ಹೋದ್ರು."

ಅವಳು ಬಸ್ಸಿನ ಬಾಗಿಲು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಎರಡನ್ನೂ ಒಂದೇ ವಾರದಲ್ಲಿ ಕಳೆದುಕೊಂಡವಳ ಅಳು ಬೇಗ ನಿಲ್ಲುವಂಥದ್ದಲ್ಲ. ಅವನು ತಡೆಯಲೂ ಇಲ್ಲ.

"ಒಂದು ಮಾತು ಹೇಳಬಾರದಿತ್ತಾ? ನಾನು ನಿನ್ನ... ಎಷ್ಟು ಬೈದೆ!"

"ಹೇಳಿದ್ರೆ ನೀನು ಆವತ್ತೇ ಬಾಗಿಲು ಹಾಕ್ಕೊಂಡು ಕೂರ್ತಿದ್ದೆ. ನೀನು ಮುಚ್ಚಿಟ್ಟಿದ್ದೆ. ಮುಚ್ಚಿಡೋಕೆ ನಾನೂ ಒಂದು ಕೈ ಕೊಟ್ಟೆ, ಅಷ್ಟೇ. ಬೈದ್ರೆ ಬೈಲಿ, ಒಲೆ ಉರೀತಿರ್ಲಿ ಅಂದ್ಕೊಂಡೆ."

"ಹನ್ನೆರಡರ ಒಳಗೆ ಹೋಗ್ಬೇಡಿ ಅಂತ..."

"ನಾನು ಬಂದು ಹೋದ್ಮೇಲೆ ಬಾಳೆಕಾಯಿ ಬೇಯೋಕೆ ಟೈಮ್ ಬೇಡ್ವಾ?"

ಅಳುವಿನ ಮಧ್ಯೆ ಅವಳಿಗೆ ನಗು ಬಂತು. ನಗುವೂ ಬೇಗ ಆರಿತು.

"ನರ್ಸಮ್ಮ ಹೇಳಿದಾಳೆ. ಇದು ವಾಪಸ್ ಬರದೇ ಇರಬಹುದು ಅಂತ. ಯಾವತ್ತೂ."

"ಹೂಂ."

"ಆಗ?"

ಆಲ್ಫಿಯಸ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. "ನಂಗೆ ದಿನಾ ಹತ್ತೂವರೆಗೆ ಹಸಿವಾಗುತ್ತೆ, ಇಸ್ಮೇ. ಸಾಯೋವರೆಗೂ ಆಗುತ್ತೆ. ಆ ಸ್ಟೂಲು ಕೆಳಗಿಳಿಸ್ತೀಯಾ?"

ಅವಳು ಅವನ ಒರಟು ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.

* * *

ಮಾರನೇ ದಿನ ಹತ್ತೂವರೆಗೆ ಸ್ಟೂಲು ನೆಲದ ಮೇಲಿತ್ತು. ಇಸ್ಮೇ ತಟ್ಟೆ ಇಟ್ಟು, ಪಕ್ಕದಲ್ಲೇ ಕೂತಳು.

"ಉಪ್ಪು?"

"ಸರಿಯಾಗಿದೆ."

"ನಿಜ ಹೇಳು."

"ಒಂದು ಚೂರು ಕಮ್ಮಿ."

ಅವಳು ಎದ್ದುಹೋಗಿ ಒಂದು ಚಿಟಿಕೆ ಹಾಕಿ ಕಲಸಿ, ಪಾತ್ರೆಯನ್ನೇ ಮೇಜಿನ ಮೇಲೆ ತಂದಿಟ್ಟಳು. ಅವನು ಇನ್ನೊಮ್ಮೆ ತಿಂದು ತಲೆಯಾಡಿಸಿದ. ಏಳಲು ಹೊರಟವನ ತೋಳು ಹಿಡಿದಳು.

"ಉಪ್ಪು ಬಿಟ್ಟು ಹೇಳು, ಆಲ್ಫಿಯಸ್. ಮಿಕ್ಕಿದ್ದು ಹೇಗಿದೆ?"

ನಾಲ್ಕು ತಿಂಗಳಿಂದ ಎರಡೇ ಪದ ಆಡಿದ್ದ ಮನುಷ್ಯ. ಪಾಪ, ಮಾತಿಗೆ ತಡಕಾಡಿದ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದ.

"ಮೊದಲು ತೆಂಗಿನ ಹಾಲು... ಸಿಹಿ ಅಂದ್ರೆ ಸಿಹಿಯಲ್ಲ, ಸುಮ್ಮನೆ ಬೆಚ್ಚಗೆ. ಆಮೇಲೆ ಖಾರ, ಗಂಟಲ ಹತ್ರ. ಜೀಗುಜ್ಜೆ ನಾಲಿಗೆ ಮೇಲೇ ಬಿಟ್ಕೊಳ್ಳುತ್ತೆ..." ಅವನು ಅಗಿಯುವುದನ್ನು ನಿಲ್ಲಿಸಿದ. "ಕೊನೇಲಿ, ತಳ ಹಿಡಿದ ಒಂದು ಚೂರು ಇದೆ. ಕಪ್ಪಾಗಿಲ್ಲ, ಕೆಂಪಗೆ. ನಿಮ್ಮಮ್ಮ ಬೇಕಂತಲೇ ಹಾಗೆ ಬಿಡ್ತಿದ್ರಲ್ಲ... ಅದೇ ಇಸ್ಮೇ. ಅದೇ ಕೈ."

ಇಸ್ಮೇಳೂ ಒಂದು ತುತ್ತು ಬಾಯಿಗಿಟ್ಟುಕೊಂಡಿದ್ದಳು. ನಾಲಿಗೆಗೆ ಏನೂ ತಿಳಿಯಲಿಲ್ಲ. ಆದರೆ ಅಮ್ಮ ಸೊಂಟದ ಮೇಲೆ ಕೈಯಿಟ್ಟು ಪಾತ್ರೆಯ ತಳ ಕೆರೆಯುತ್ತಿದ್ದುದು ಕಣ್ಣಿಗೆ ಕಟ್ಟಿತು. ಕೆನ್ನೆಯ ಮೇಲೆ ನೀರಿಳಿಯಿತು.

"ಪಾತ್ರೆ ಮೇಲೆ ಬಗ್ಗಿ ಅಳಬೇಡ ಮಾರಾಯ್ತಿ," ಎಂದ ಆಲ್ಫಿಯಸ್ ಮೆಲ್ಲಗೆ, ಅವಳ ಕೆನ್ನೆ ಒರೆಸುತ್ತ. "ಈಗಷ್ಟೇ ಉಪ್ಪು ಸರಿಹೋಗಿದೆ."

ಅವಳು ನಗುತ್ತ, ಅಳುತ್ತ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

"ಇನ್ನೊಂದು ತುತ್ತು ತಿನ್ನು... ಮತ್ತೆ ಮೊದಲಿಂದ ಹೇಳು. ಈ ಸಲ ನಿಧಾನಕ್ಕೆ."